ಎರಡನೇ ಮಾಲೀಕನ ಡೀಸೆಲ್ ಗಾಡಿ

ವಾಹನಗಳ ಚರಿತ್ರೆ ಬರೆಯುವವರು ಬಹುಮಟ್ಟಿಗೆ ಗಾಡಿ ಕಾರ್ಖಾನೆಯ ಗೇಟು ದಾಟಿದ ದಿನಕ್ಕೇ ಕಥೆ ಮುಗಿಸಿಬಿಡುತ್ತಾರೆ. 1986ರಲ್ಲಿ ಟಾಟಾ 407 ಬಂತು, 1988ರಲ್ಲಿ ಟಾಟಾಮೊಬೈಲ್ 206 ಪಿಕಪ್ ಬಂತು, 2000ದಲ್ಲಿ ಬೊಲೆರೊ, 2005ರಲ್ಲಿ ಟಾಟಾ ಏಸ್ ಎಂದು ಇಸವಿಗಳ ಪಟ್ಟಿ ಸಿಗುತ್ತದೆ. ಆ ಪಟ್ಟಿ ಸುಳ್ಳಲ್ಲ. ಆದರೆ ಕೋಲಾರದ ಮಂಡಿಗೆ ಟೊಮೆಟೊ ಕ್ರೇಟು ಹೊರುವ, ಮಲೆನಾಡಿನ ತೋಟದಿಂದ ಅಡಿಕೆ ಮೂಟೆ ಇಳಿಸುವ, ಸಂತೆಯಿಂದ ಸಂತೆಗೆ ಕುರಿ ಸಾಗಿಸುವ ಗಾಡಿಯ ಬದುಕಿನ ದೊಡ್ಡ ಪಾಲು ಅದರಲ್ಲಿ ಕಾಣುವುದಿಲ್ಲ. ಹೊಸ ಗಾಡಿ ಕೊಳ್ಳುವವರು ಕಂತು ಕಟ್ಟಬಲ್ಲ ಸಾಗಣೆದಾರರು, ಎಸ್ಟೇಟಿನವರು, ಗುತ್ತಿಗೆದಾರರು, ಸರ್ಕಾರಿ ಇಲಾಖೆಗಳು. ಅವರು ಮಾರಿದ ಮೇಲೆ, ಹರಾಜಿಗೆ ಹಾಕಿದ ಮೇಲೆ, ಗಾಡಿಗೆ ಇನ್ನೊಂದು ಬದುಕು ಶುರುವಾಗುತ್ತದೆ. ಸಣ್ಣ ರೈತ, ಸಣ್ಣ ವ್ಯಾಪಾರಿ ಮೊದಲ ಸಲ ಗಾಡಿಯ ಮಾಲೀಕನಾಗುವುದು ಆಗಲೇ. ಈ ಎರಡನೇ ಬದುಕು ಅಷ್ಟು ದೀರ್ಘವಾಗಿದ್ದಕ್ಕೆ ಮಾಲೀಕನ ಮಿತವ್ಯಯವನ್ನೋ ಮೆಕ್ಯಾನಿಕ್ಕಿನ ಕೈಚಳಕವನ್ನೋ ಕಾರಣವಾಗಿ ಹೇಳುವುದು ರೂಢಿ. ಎರಡೂ ನಿಜ, ಆದರೆ ಎರಡೂ ಸಾಲವು. ಮುಖ್ಯ ಕಾರಣ ಬೇರೆ ಇದೆ. ಹಲವು ಗಾಡಿಗಳಲ್ಲಿ ಒಂದೇ ವಂಶದ ಇಂಜಿನ್ನು, ಒಂದೇ ಬಗೆಯ ಪಂಪು ಇದ್ದವು. ಅವನ್ನು ಬಿಚ್ಚಿ ನೋಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಜೀಪಿನ ವಂಶವನ್ನೇ ತೆಗೆದುಕೊಳ್ಳಿ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆ ಮುಂಬೈನಲ್ಲಿ ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದಾಗ ಅವು ಪೆಟ್ರೋಲ್ ಗಾಡಿಗಳು. ಡೀಸೆಲ್ಲಿಗೆ ಮುಖ್ಯ ದಾರಿ ಸಿಕ್ಕಿದ್ದು ಹೊಲದ ಕಡೆಯಿಂದ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಇಂಗ್ಲೆಂಡಿನಲ್ಲಿ ರೂಪಿಸಿದ್ದ ಬಿ-275 ಟ್ರ್ಯಾಕ್ಟರನ್ನು 1960ರ ದಶಕದಿಂದ ಇಲ್ಲಿ ತಯಾರಿಸುತ್ತಿದ್ದ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ ಆಫ್ ಇಂಡಿಯಾ, 1977ರಲ್ಲಿ ಮಹೀಂದ್ರದೊಳಗೆ ವಿಲೀನವಾಯಿತು. ಆ ಟ್ರ್ಯಾಕ್ಟರಿನ ಇಂಜಿನ್ನೇ ಎಂಡಿ 2350 ಎಂಬ ಹೆಸರಿನಲ್ಲಿ ಜೀಪಿನ ಬಾನೆಟ್ಟಿನ ಕೆಳಗೆ ಕುಳಿತಿತು. ಮುಂದೆ ಪಿಕಪ್ಪುಗಳಿಗೂ ಜೀಪುಗಳಿಗೂ ಬಂದ 2523 ಸಿಸಿಯ ಡಿಐ ಇಂಜಿನ್ನಿನ ಅಳತೆ ನೋಡಿದರೆ ವಂಶ ತಾನಾಗಿ ಗೊತ್ತಾಗುತ್ತದೆ. ಅದರ ಸ್ಟ್ರೋಕು 101.6 ಮಿಲಿಮೀಟರ್, ಅಂದರೆ ಸರಿಯಾಗಿ 4 ಇಂಚು, ಬೋರು 88.9 ಮಿಲಿಮೀಟರ್, ಅಂದರೆ ಮೂರೂವರೆ ಇಂಚು. ಮೆಟ್ರಿಕ್ ಪದ್ಧತಿ ಬಂದು ದಶಕಗಳಾದರೂ ಇಂಗ್ಲೆಂಡಿನ ಆ ಹಳೆಯ ಟ್ರ್ಯಾಕ್ಟರಿನ 4 ಇಂಚಿನ ಸ್ಟ್ರೋಕು ಇದ್ದ ಹಾಗೇ ಉಳಿದಿತ್ತು. ಇದಕ್ಕೆ ಜೊತೆಯಾಗಿ 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ ಪರವಾನಗಿಯಲ್ಲಿ 2112 ಸಿಸಿಯ ಎಕ್ಸ್‌ಡಿಪಿ 4.90 ಇಂಜಿನ್ನೂ ಬಂತು. ಹಳ್ಳಿಯ ಮಟ್ಟಿಗೆ ಇದರ ಪರಿಣಾಮ ದೊಡ್ಡದು. ಟ್ರ್ಯಾಕ್ಟರಿನ ಹೆಡ್ಡು ಬಿಚ್ಚಿ, ವಾಲ್ವ್ ಲ್ಯಾಪ್ ಮಾಡಿ, ರಿಂಗು ಹಾಕಿ ಕೈ ಪಳಗಿದವನಿಗೆ ಜೀಪು ಹೊಸ ವಿದ್ಯೆಯಾಗಲಿಲ್ಲ. ತಾಲ್ಲೂಕು ಕೇಂದ್ರದ ಲೇತ್ ಅಂಗಡಿಯಲ್ಲಿ ಒಂದೇ ಯಂತ್ರದ ಮೇಲೆ ಟ್ರ್ಯಾಕ್ಟರಿನ ಬ್ಲಾಕೂ ಪಿಕಪ್ಪಿನ ಬ್ಲಾಕೂ ಬೋರಿಂಗಿಗೆ ಕೂರುತ್ತಿದ್ದವು.

ಡೀಸೆಲ್ ಗಾಡಿಯಲ್ಲಿ ಇಂಜಿನ್ನಿಗಿಂತ ಸೂಕ್ಷ್ಮವಾದದ್ದು ಪಂಪು, ಮತ್ತು ಪಂಪಿನ ಚರಿತ್ರೆ ಎಂದರೆ ಬಹುಪಾಲು ಬೆಂಗಳೂರಿನ ಚರಿತ್ರೆ. ಜರ್ಮನಿಯ ಬಾಷ್ ಸಹಯೋಗದಲ್ಲಿ 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೊ, ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗು ಮತ್ತು ಇಂಧನ ಪಂಪುಗಳನ್ನು ತಯಾರಿಸಿತು. 2008ರಲ್ಲಿ ಅದರ ಹೆಸರು ಬಾಷ್ ಎಂದು ಬದಲಾದರೂ ಗ್ಯಾರೇಜುಗಳ ಬಾಯಲ್ಲಿ ಪಂಪು ಇನ್ನೂ ಮೈಕೊ ಪಂಪೇ. ನಾಲ್ಕು ಸಿಲಿಂಡರಿನ ಇನ್‌ಲೈನ್ ಪಂಪನ್ನು ಬಿಚ್ಚಿದರೆ ಒಳಗೆ ನಾಲ್ಕು ಎಲಿಮೆಂಟು, ಅಂದರೆ ಒಂದೊಂದು ಸಿಲಿಂಡರಿಗೆ ಒಂದೊಂದು ಪ್ಲಂಜರು ಮತ್ತು ಅದರ ಬ್ಯಾರೆಲ್ಲು. ಎರಡರ ನಡುವಿನ ಸಂದು ಕೆಲವೇ ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ಪಟ್ಟು ಕಿರಿದು. ಒಂದು ಬ್ಯಾರೆಲ್ಲಿನ ಪ್ಲಂಜರನ್ನು ಇನ್ನೊಂದಕ್ಕೆ ಹಾಕುವ ಹಾಗಿಲ್ಲ. ಜೋಡಿ ಜೋಡಿಯಾಗಿಯೇ ಬದಲಾಯಿಸಬೇಕು. ರಿಪೇರಿಯಾದ ಪಂಪು ಟೆಸ್ಟ್ ಬೆಂಚಿಗೆ ಏರುತ್ತದೆ. ಮೋಟಾರು ಅದನ್ನು ಗೊತ್ತಾದ ವೇಗದಲ್ಲಿ ತಿರುಗಿಸುತ್ತಿದ್ದಂತೆ ನಾಲ್ಕು ಗಾಜಿನ ಕೊಳವೆಗಳಿಗೆ ಎಣ್ಣೆ ಬೀಳುತ್ತದೆ, ಮತ್ತು ನಿಗದಿತ ಸ್ಟ್ರೋಕುಗಳ ನಂತರ ನಾಲ್ಕರ ಮಟ್ಟವೂ ಸಮ ಬರುವವರೆಗೆ ಕೆಲಸಗಾರ ಎಲಿಮೆಂಟುಗಳನ್ನು ತಿದ್ದುತ್ತಲೇ ಇರುತ್ತಾನೆ. ನಾಝಲ್ಲಿನ ಪರೀಕ್ಷೆ ಇನ್ನೂ ಸರಳ. ಕೈ ಹಿಡಿ ಒತ್ತಿದಾಗ ಡೀಸೆಲ್ಲು ಸಣ್ಣ ಮಂಜಿನಂತೆ ಚಿಮ್ಮಬೇಕು, ತುದಿಯಲ್ಲಿ ಹನಿ ನಿಲ್ಲಬಾರದು. ಹನಿ ನಿಂತರೆ ಆ ಡೀಸೆಲ್ಲು ಸಿಲಿಂಡರಿನೊಳಗೆ ಸರಿಯಾಗಿ ಉರಿಯದೆ ಕಪ್ಪು ಹೊಗೆಯಾಗುತ್ತದೆ, ಪಿಸ್ಟನ್ನಿನ ತಲೆಯನ್ನೂ ಸುಡುತ್ತದೆ. ಇಷ್ಟು ನಿಖರವಾದ ಕೆಲಸ ಜಿಲ್ಲಾ ಕೇಂದ್ರಗಳವರೆಗೆ ಹರಡಿದ್ದು ಸಣ್ಣ ಸಾಧನೆಯಲ್ಲ. ಲಾರಿ, ಬಸ್ಸು, ಟ್ರ್ಯಾಕ್ಟರು, ಪಂಪ್‌ಸೆಟ್ಟು, ಪಿಕಪ್ಪು ಎಲ್ಲವೂ ಒಂದೇ ಬಗೆಯ ಪಂಪನ್ನು ನಂಬಿದ್ದರಿಂದಲೇ ದುಬಾರಿ ಟೆಸ್ಟ್ ಬೆಂಚಿಗೆ ಹಾಕಿದ ಬಂಡವಾಳ ಚಿಕ್ಕ ಊರಿನಲ್ಲೂ ವಾಪಸಾಗುತ್ತಿತ್ತು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಇದೆಲ್ಲ ಲೈಸೆನ್ಸ್ ರಾಜ್ಯದ ಬಡತನ, ಆಯ್ಕೆ ಇಲ್ಲದ್ದರಿಂದ ಹಳೆಯ ಇಂಜಿನ್ನನ್ನೇ ಉಜ್ಜಿಕೊಂಡು ಕುಳಿತೆವು, ಕೊರತೆಯನ್ನು ಗುಣ ಎಂದು ಹೊಗಳುವುದೇಕೆ ಎಂಬುದು. ಮುಚ್ಚಿದ ಮಾರುಕಟ್ಟೆ ವಿನ್ಯಾಸಗಳನ್ನು ಹೆಪ್ಪುಗಟ್ಟಿಸಿತು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಆಯ್ಕೆ ಬಂದಾಗ ಏನಾಯಿತು ಎಂಬುದೂ ಚರಿತ್ರೆಯಲ್ಲಿದೆ. 1980ರ ದಶಕದ ಮಧ್ಯದಲ್ಲಿ ಜಪಾನೀ ತಂತ್ರಜ್ಞಾನದ ನಾಲ್ಕು ಲಘು ಟ್ರಕ್ಕುಗಳು ಒಟ್ಟಿಗೇ ಬಂದವು: ಡಿಸಿಎಂ ಟೊಯೊಟಾ, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಆಲ್ವಿನ್ ನಿಸ್ಸಾನ್. ಚೊಕ್ಕ ವಿನ್ಯಾಸ, ಸದ್ದು ಕಡಿಮೆ, ಓಡಿಸಲು ಹಗುರ. ಅದೇ ಹೊತ್ತಿಗೆ ಜಪಾನಿನ ಯೆನ್ ಬೆಲೆ ಏರಿತು, ಅಲ್ಲಿಂದ ತರಿಸಬೇಕಿದ್ದ ಭಾಗಗಳ ಬೆಲೆಯೂ ಏರಿತು. ಟಾಟಾ 407 ಇವುಗಳ ಎದುರು ನಿಂತದ್ದು ಇಲ್ಲಿಯದೇ ಭಾಗಗಳಿಂದ, ಊರೂರಿನಲ್ಲಿ ಸಿಗುವ ಸ್ಪೇರ್‌ಗಳಿಂದ. ಡಿಸಿಎಂ ಟೊಯೊಟಾ, ಆಲ್ವಿನ್ ನಿಸ್ಸಾನ್ ಹೆಸರುಗಳು 1990ರ ದಶಕದಲ್ಲಿ ಮರೆಯಾದವು. ಸ್ವರಾಜ್ ಮತ್ತು ಐಷರ್ ಭಾಗಗಳನ್ನು ಇಲ್ಲೇ ಮಾಡಿಸಿಕೊಳ್ಳುತ್ತ ಉಳಿದವು. ಅಂದರೆ ಉಳಿದದ್ದು ಹಳೆಯದೆಂಬ ಕಾರಣಕ್ಕಲ್ಲ, ಅಳಿದದ್ದು ಹೊಸದೆಂಬ ಕಾರಣಕ್ಕೂ ಅಲ್ಲ. ಕೆಟ್ಟು ನಿಂತ ಊರಿನಲ್ಲೇ ಮತ್ತೆ ಎದ್ದು ಓಡುವ ಗಾಡಿಗೆ ಮಾತ್ರ ಎರಡನೇ ಕೊಳ್ಳುಗ ಸಿಕ್ಕ. ಅವನು ಕೊಡುವ ಬೆಲೆಯ ಭರವಸೆ ಇದ್ದಾಗಲೇ ಮೊದಲ ಕೊಳ್ಳುಗನೂ ಧೈರ್ಯವಾಗಿ ಹೊಸ ಗಾಡಿ ಕೊಂಡ.

ಗಾಡಿ ಸುಧಾರಿಸಿಕೊಳ್ಳುವ ಪದ್ಧತಿಯೂ ಇದೇ ನೆಲದ ಮೇಲೆ ಬೆಳೆದದ್ದು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ದುಬಾರಿಯಾಯಿತು, ಡೀಸೆಲ್ ಬೆಲೆಯನ್ನು ಸರ್ಕಾರ ಹಿಡಿದಿಟ್ಟಿತು. ಪೆಟ್ರೋಲ್ ಬೆಲೆಯ ನಿಯಂತ್ರಣ ಹೋದದ್ದು 2010ರ ಜೂನ್‌ನಲ್ಲಿ, ಡೀಸೆಲ್ಲಿನದು 2014ರ ಅಕ್ಟೋಬರಿನಲ್ಲಿ. ಅಷ್ಟು ದೀರ್ಘಕಾಲ ಬೆಲೆಯ ಅಂತರವಿದ್ದಾಗ ಹಳೆಯ ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಕೂರಿಸುವುದು ಶೋಕಿಯ ಮಾತಾಗಿರಲಿಲ್ಲ, ಹೊಟ್ಟೆಪಾಡಿನ ಲೆಕ್ಕವಾಗಿತ್ತು. ಬೆಂಗಳೂರಿನ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆಯ ಸ್ಪೇರ್ಸ್ ಅಂಗಡಿಗಳು ಇಂಥ ಕೆಲಸಕ್ಕೆ ಆಧಾರ. ಆದರೆ ಇಂಜಿನ್ ಬದಲಿಸಿದರೆ ಕೆಲಸ ಮುಗಿಯುವುದಿಲ್ಲ. ಡೀಸೆಲ್ ಇಂಜಿನ್ನಿನ ತೂಕ ಹೆಚ್ಚು, ಹಾಗಾಗಿ ಮುಂದಿನ ಕಮಾನು ಪಟ್ಟಿ ಬಲಪಡಿಸಬೇಕು; ನಡುಕ ಹೆಚ್ಚು, ಹಾಗಾಗಿ ಮೌಂಟಿಂಗ್ ರಬ್ಬರು ಬದಲಿಸಬೇಕು. ಪೆಟ್ರೋಲ್ ಇಂಜಿನ್ನಿನಂತೆ ಡೀಸೆಲ್ ಇಂಜಿನ್ನು ತನ್ನ ಉಸಿರಿನಲ್ಲೇ ನಿರ್ವಾತ ಉಂಟುಮಾಡುವುದಿಲ್ಲವಾದ್ದರಿಂದ, ಬ್ರೇಕ್ ಬೂಸ್ಟರ್ ಬೇಕೆಂದರೆ ಬೇರೆಯೇ ವ್ಯಾಕ್ಯೂಮ್ ಪಂಪು ಹಾಕಬೇಕು. ಹಲವು ಗಾಡಿಗಳಲ್ಲಿ ಅದು ಡೈನಮೊದ ಬೆನ್ನಿಗೇ ಅಂಟಿಕೊಂಡಿರುತ್ತದೆ. ನಾಲ್ಕು ಗೇರಿನ ಪೆಟ್ಟಿಗೆ ತೆಗೆದು ಐದರದ್ದು, ಸಾದಾ ಸ್ಟೀರಿಂಗ್ ತೆಗೆದು ಪವರ್ ಸ್ಟೀರಿಂಗ್, ಮುಂದೆ ಡ್ರಮ್ಮಿನ ಬದಲು ಡಿಸ್ಕ್ ಬ್ರೇಕು ಹಾಕಿಸುವಾಗಲೂ ಅದೇ ವಂಶದ ಮುಂದಿನ ಮಾದರಿಯ ಭಾಗವನ್ನೇ ಹುಡುಕುತ್ತಾರೆ. ಕಾರ್ಖಾನೆ ಮಾಡಿದ ಸುಧಾರಣೆ ಎಷ್ಟೋ ವರ್ಷಗಳ ನಂತರ ಗುಜರಿಯ ದಾರಿಯಿಂದ ಹಳೆಯ ಗಾಡಿಗೂ ತಲುಪುತ್ತದೆ. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಅತ್ಯಂತ ಮೆಚ್ಚತಕ್ಕ ಭಾಗ ಇದೇ, ಏಕೆಂದರೆ ಇಲ್ಲಿ ಹೊಸದರ ಫಲ ಹೊಸದನ್ನು ಕೊಳ್ಳಲಾಗದವನಿಗೂ ಸಿಕ್ಕಿತು.

ಎಲ್ಲ ಬದಲಾವಣೆಯೂ ಒಳ್ಳೆಯದಾಗಿರಲಿಲ್ಲ. ಪಂಪಿನ ಫುಲ್‌ಲೋಡ್ ಸ್ಕ್ರೂಗೆ ತಂತಿ ಕಟ್ಟಿ ಸೀಸದ ಮುದ್ರೆ ಹಾಕಿರುತ್ತಾರೆ. ಅದನ್ನು ಕಿತ್ತು ಸ್ಕ್ರೂ ತಿರುಗಿಸಿದರೆ ಎಣ್ಣೆ ಹೆಚ್ಚು ಹೋಗಿ ಏರಿನಲ್ಲಿ ಎಳೆತ ಸ್ವಲ್ಪ ಹೆಚ್ಚುತ್ತದೆ, ಜೊತೆಗೆ ಹೊಗೆಯೂ ಖರ್ಚೂ ಹೆಚ್ಚುತ್ತವೆ, ಇಂಜಿನ್ನು ಬೇಗ ಸವೆಯುತ್ತದೆ. ಹಿಂದಿನ ಆಕ್ಸಲ್ಲಿಗೆ ಹೆಚ್ಚುವರಿ ಪಟ್ಟಿ ಸೇರಿಸಿ ಎರಡರಷ್ಟು ಭಾರ ಹೇರುವುದು ಇದಕ್ಕಿಂತ ಅಪಾಯ. ಪಟ್ಟಿ ಭಾರ ಹೊರುತ್ತದೆ, ಬ್ರೇಕು ಮಾತ್ರ ಹಳೆಯದೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಟನ್ನು ತಡೆಯುತ್ತದೆ, ಮತ್ತು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಇಂಥ ಕಾನೂನು ಬೇಕು. ಎದುರಿನಿಂದ ಬರುವ ಬೈಕಿನವನ ಪ್ರಾಣಕ್ಕಿಂತ ಬಾಡಿಗೆ ದೊಡ್ಡದಲ್ಲ. ಹಾಗೆಂದು ಬ್ರೇಕು ಬಲಪಡಿಸುವವನನ್ನೂ ಮುದ್ರೆ ಕೀಳುವವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲ. ಮೊದಲಿನವನಿಗೆ ಆರ್‌ಟಿಒ ಕಚೇರಿಯಲ್ಲಿ ಸುಲಭವಾದ ತಪಾಸಣೆಯ ದಾರಿ ಇರಬೇಕು, ಎರಡನೆಯವನಿಗೆ ದಂಡ ಬೀಳಬೇಕು.

ಹೊಗೆಯ ಆಕ್ಷೇಪ ಇದಕ್ಕಿಂತ ಗಂಭೀರ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕ ಎಂದು ಖಚಿತಪಡಿಸಿತು. ಅದನ್ನು ದಿನವಿಡೀ ಉಸಿರಾಡುವವರಲ್ಲಿ ಮೊದಲಿಗರು ಚಾಲಕರು ಮತ್ತು ಗ್ಯಾರೇಜಿನ ಹುಡುಗರೇ. ನಾಝಲ್ಲು, ಏರ್ ಫಿಲ್ಟರು, ಟೈಮಿಂಗ್ ಸರಿ ಇದ್ದರೆ ಕಪ್ಪು ಹೊಗೆ ಬಹಳಷ್ಟು ಇಳಿಯುತ್ತದೆ ಎಂಬುದು ನಿಜ. ಆದರೆ ಎಷ್ಟೇ ಟ್ಯೂನ್ ಮಾಡಿದರೂ ಹಳೆಯ ಇಂಜಿನ್ನು ಈಗಿನ ಹೊಗೆ ಮಿತಿಯಾದ ಬಿಎಸ್-6ರ ಇಂಜಿನ್ನಾಗದು, ಇದನ್ನು ಒಪ್ಪಿಕೊಳ್ಳಬೇಕು. ಪ್ರಶ್ನೆ ಇರುವುದು ಯಾವ ಅಳತೆಗೋಲಿನಿಂದ ಗಾಡಿಯನ್ನು ತೆಗೆಯಬೇಕು ಎಂಬುದರಲ್ಲಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ದೆಹಲಿಯ ವಿಷಯದಲ್ಲಿ 10 ವರ್ಷ ಮೀರಿದ ಡೀಸೆಲ್ ಗಾಡಿಗಳನ್ನು ತಡೆದದ್ದು ವಯಸ್ಸಿನ ಲೆಕ್ಕದಿಂದ. 2021ರ ವಾಹನ ಗುಜರಿ ನೀತಿ ಹಿಡಿದದ್ದು ಮುಖ್ಯವಾಗಿ ಫಿಟ್ನೆಸ್ ಪರೀಕ್ಷೆಯ ದಾರಿಯನ್ನು. ಎರಡನೆಯದೇ ನ್ಯಾಯ. ಬೆಂಚಿನ ಮೇಲೆ ಗಾಜಿನ ಕೊಳವೆ ನೋಡುವ ಪಂಪಿನ ಕೆಲಸಗಾರ ಮೊದಲಿನಿಂದಲೂ ಗಾಡಿಯನ್ನು ಅಳೆದದ್ದು ಹಾಗೆಯೇ. ದೆಹಲಿಯಷ್ಟು ಉಸಿರುಗಟ್ಟಿದ ಊರಿಗೆ ಬೇರೆ ನಿಯಮ ಬೇಕಾಗಬಹುದು. ಆದರೆ ಚಿಂತಾಮಣಿಯಲ್ಲಿ ವಾರಕ್ಕೆ ಮೂರು ದಿನ ಮಂಡಿಗೆ ಹೋಗಿಬರುವ, ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಪಿಕಪ್ಪನ್ನು ಹುಟ್ಟಿದ ಇಸವಿ ನೋಡಿ ಗುಜರಿಗೆ ಕಳಿಸುವುದಕ್ಕೆ ಸಮರ್ಥನೆ ಇಲ್ಲ.

ಈ ಚರಿತ್ರೆಯ ಒಂದು ಘಟ್ಟ ಈಗ ಮುಗಿಯುತ್ತಿದೆ. 2017ರ ಏಪ್ರಿಲ್‌ನಲ್ಲಿ ದೇಶವಿಡೀ ಬಿಎಸ್-4, 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂತು; ಡೀಸೆಲ್ಲಿನಲ್ಲಿ ಗಂಧಕದ ಮಿತಿ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಗಾಳಿಗೆ ಇದು ದೊಡ್ಡ ಲಾಭ, ಹಿಂದಕ್ಕೆ ಹೋಗಬೇಕೆಂದು ಕೇಳುವುದು ತಪ್ಪು. ಜೊತೆಗೆ ಪಂಪಿನ ಜಾಗಕ್ಕೆ ಕಾಮನ್ ರೈಲು, ಸೆನ್ಸರು, ಇಸಿಯು, ಹೊಗೆ ಶುದ್ಧಿಯ ಫಿಲ್ಟರು ಬಂದಿವೆ. ಇವು ರಿಪೇರಿಗೆ ಬಗ್ಗದ ವಸ್ತುಗಳೇನಲ್ಲ. ಮೈಕ್ರಾನ್ ಲೆಕ್ಕದ ಎಲಿಮೆಂಟನ್ನು ಕಲಿತ ಊರುಗಳು ಇದನ್ನೂ ಕಲಿಯಬಲ್ಲವು. ಅಡ್ಡಿ ಇರುವುದು ಸ್ಕ್ಯಾನರಿನ ಬೆಲೆಯಲ್ಲಿ, ಕಂಪನಿಗಳು ತಮ್ಮ ಅಧಿಕೃತ ವರ್ಕ್‌ಶಾಪಿಗಷ್ಟೇ ಕೊಡುವ ಕೋಡು ಮತ್ತು ಕೈಪಿಡಿಗಳಲ್ಲಿ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಆರಂಭಿಸಿ ವಾಹನಗಳನ್ನೂ ಕೃಷಿ ಯಂತ್ರಗಳನ್ನೂ ಅದರೊಳಗೆ ಸೇರಿಸಿದೆ. ಪೋರ್ಟಲ್ಲಿನಲ್ಲಿ ಮಾಹಿತಿ ಹಾಕಿದರೆ ಸಾಲದು, ಅದು ಕಾನೂನಾಗಬೇಕು. ತಯಾರಕರು ದೋಷ ಪತ್ತೆಯ ಕೋಡುಗಳನ್ನು ನ್ಯಾಯವಾದ ಬೆಲೆಗೆ ಎಲ್ಲ ಗ್ಯಾರೇಜಿಗೂ ಕೊಡಬೇಕು, ಕೈಪಿಡಿಗಳು ಕನ್ನಡದಲ್ಲೂ ಬರಬೇಕು, ನಮ್ಮ ಐಟಿಐಗಳ ಡೀಸೆಲ್ ಮೆಕ್ಯಾನಿಕ್ ತರಗತಿಗಳಿಗೆ ಬಿಎಸ್-6 ಇಂಜಿನ್ನೂ ಸ್ಕ್ಯಾನರೂ ತಲುಪಬೇಕು. ಇಂದು ಶೋರೂಮಿನಿಂದ ಹೊರಡುವ ಪಿಕಪ್ಪುಗಳು ಇನ್ನು ಎಂಟು ಹತ್ತು ವರ್ಷಗಳಲ್ಲಿ ಸಣ್ಣ ರೈತರ ಕೈಗೆ ಬರುತ್ತವೆ. ಅಷ್ಟರೊಳಗೆ ರಾಜ್ಯ ಸರ್ಕಾರ ಕನಿಷ್ಠ ಐಟಿಐಗಳ ಕೆಲಸವನ್ನಾದರೂ ಶುರುಮಾಡಲಿ.