ಬಾಯ್ಲರಿಗೂ ಒಂದು ಕೋಡಿ

ಗವಿಪುರ, ಚಾಮರಾಜಪೇಟೆ ಕಡೆ ಓಡಾಡೋರಿಗೆ ಕೆಂಪಾಂಬುಧಿ ಕೆರೆ ಅಂದರೆ ವಾಕಿಂಗ್ ಜಾಗ. ಆದರೆ ಈ ಸೀಮೆಯ ಕೆರೆಗಳು ಬರೀ ನೀರು ತುಂಬಿಡೋ ಗುಂಡಿಗಳಾಗಿರಲಿಲ್ಲ. ಕೆರೆಯಿಂದ ನೀರು ಹೊರಗೆ ಹೋಗೋಕೆ ಎರಡು ದಾರಿ ಇರುತ್ತಿತ್ತು: ಗದ್ದೆಗೆ ಬಿಡೋಕೆ ತೂಬು, ಹೆಚ್ಚಾದದ್ದು ಹರಿಯೋಕೆ ಕೋಡಿ. ತೂಬು ತೆಗೆದು ಮುಚ್ಚೋಕೆ ನೀರಗಂಟಿ ಬೇಕು. ಕೋಡಿಗೆ ಯಾರೂ ಬೇಡ. ಮಳೆ ಜೋರಾದರೆ ಮಟ್ಟ ಏರುತ್ತೆ, ಏರಿದಷ್ಟೂ ಕೋಡಿ ಮೇಲೆ ಹರಿಯೋ ನೀರು ಹೆಚ್ಚುತ್ತೆ. ಬರೋದು, ಹೋಗೋದು ಸಮವಾದಲ್ಲಿ ಮಟ್ಟ ತಾನಾಗೇ ನಿಲ್ಲುತ್ತೆ. ಕಂಟ್ರೋಲ್ ಎಂಜಿನಿಯರುಗಳು ಇದನ್ನೇ ‘ಸೆಲ್ಫ್ ರೆಗ್ಯುಲೇಟಿಂಗ್’ ಪ್ರಕ್ರಿಯೆ ಅಂತಾರೆ.

1892ರಲ್ಲಿ ಚಾಮರಾಜಪೇಟೆ ಬಡಾವಣೆ ಆಯ್ತು. 1898ರ ಪ್ಲೇಗ್ ನಂತರ ಜನ ಬಸವನಗುಡಿ, ಮಲ್ಲೇಶ್ವರಕ್ಕೆ ಬಂದು ನೆಲೆಸಿದರು. ಅಷ್ಟರಲ್ಲಿ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ, ಹೆಸರಘಟ್ಟದ ನೀರು ಊರಿಗೆ ಬಂದಿತ್ತು. ಸೋಲದೇವನಹಳ್ಳಿಯಲ್ಲಿ ಹಬೆಯ ಪಂಪ್‌ಗಳು ಅದನ್ನು ಮೇಲಕ್ಕೆತ್ತುತ್ತಿದ್ದವು. ಹಬೆ ಪಂಪ್ ಅಂದಮೇಲೆ ಬಾಯ್ಲರ್ ಇರಲೇಬೇಕು. ಈ ಬಾಯ್ಲರ್ ಇದೆಯಲ್ಲ, ಅದರ ಸ್ವಭಾವ ಕೆರೆಯದಕ್ಕೆ ಪೂರ್ತಿ ಉಲ್ಟಾ.

ಅದು ಮುಚ್ಚಿದ ಪಾತ್ರೆ. ಪಂಪ್ ಎಳೆಯೋದಕ್ಕಿಂತ ಬೆಂಕಿ ಸ್ವಲ್ಪವೇ ಹೆಚ್ಚು ಹಬೆ ಕೊಟ್ಟರೂ ಒತ್ತಡ ಏರುತ್ತಾ ಹೋಗುತ್ತೆ. ತಾನಾಗಿ ನಿಲ್ಲೋ ಜಾಗ ಸಿಗೋದು ಕಷ್ಟ. ಈ ಜಾತಿಗೆ ‘ಇಂಟಿಗ್ರೇಟಿಂಗ್’ ಅಂತ ಹೆಸರು. ಸಣ್ಣ ವ್ಯತ್ಯಾಸವನ್ನೂ ಕೂಡಿಸುತ್ತಾ ಹೋಗೋದೇ ಅದರ ಗುಣ. ಜೊತೆಗೆ ಈಗ ಒಲೆಗೆ ಹಾಕಿದ ಉರುವಲಿನ ಫಲ ಕಾಣೋದು ಕೊಂಚ ಹೊತ್ತಿನ ಮೇಲೆ. ಮುಳ್ಳು ಏರಲಿಲ್ಲ ಅಂತ ಆತುರಪಟ್ಟು ಇನ್ನಷ್ಟು ತುರುಕಿದರೆ ಆಮೇಲೆ ಒತ್ತಡ ಗುರಿ ದಾಟುತ್ತೆ. ಗಾಬರಿಯಾಗಿ ಬೆಂಕಿ ತಗ್ಗಿಸಿದರೆ ಗುರಿಗಿಂತ ಕೆಳಕ್ಕೆ ಬೀಳುತ್ತೆ. ಅನುಭವಿ ಕೆಲಸಗಾರ ಸ್ವಲ್ಪ ಹಾಕಿ, ಕಾದು ನೋಡ್ತಾನೆ. ಅವನ ಕೈಮೀರಿದರೆ ಸೇಫ್ಟಿ ವಾಲ್ವ್ ಇದೆ: ಒತ್ತಡ ಮಿತಿ ಮೀರಿದಾಗ ಅದು ತಾನೇ ತೆರೆದು ಹಬೆ ಬಿಡುತ್ತೆ. ಬಾಯ್ಲರಿನ ಕೋಡಿ ಅಂದ್ಕೊಳ್ಳಿ.

ಕೆಲವು ಯಂತ್ರಗಳು ಯಾಕೆ ನೆಲೆಗೆ ಬರುತ್ತವೆ, ಕೆಲವು ಯಾಕೆ ತೂಗಾಡುತ್ತಲೇ ಇರುತ್ತವೆ ಅನ್ನೋದನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1868ರಲ್ಲೇ ಗಣಿತದಲ್ಲಿ ಬಿಡಿಸಿ ತೋರಿಸಿದ್ದರು. ಕಂಟ್ರೋಲರ್‌ಗಳನ್ನು ಹದ ಮಾಡೋ ಪ್ರಸಿದ್ಧ ಸೂತ್ರಗಳನ್ನು ಝೀಗ್ಲರ್ ಮತ್ತು ನಿಕೋಲ್ಸ್ 1942ರಲ್ಲಿ ಕೊಟ್ಟರು. ಮೊದಲು ಪಾತ್ರೆ ಹೇಗೆ ನಡ್ಕೊಳ್ಳುತ್ತೆ ನೋಡು, ಆಮೇಲೆ ತಿರುಪಿಗೆ ಕೈ ಹಾಕು ಅನ್ನೋದೇ ಆ ಸೂತ್ರಗಳ ತಳಹದಿ.

ನೀರು ದೂರದಿಂದ ಬರತೊಡಗಿತು. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ: ಸುಮಾರು 100 ಕಿಲೋಮೀಟರ್ ದೂರದಿಂದ, ಮೂರು ಹಂತದಲ್ಲಿ ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ. ಇತ್ತ ಧರ್ಮಾಂಬುಧಿ ಕೆರೆ ಇದ್ದ ಜಾಗ ಮೆಜೆಸ್ಟಿಕ್ ಬಸ್ ನಿಲ್ದಾಣವಾಯ್ತು. ಕೋಡಿಗಳು ಕಡಿಮೆಯಾದವು, ಪಂಪುಗಳು ಹೆಚ್ಚಿದವು. ತಾನಾಗೇ ನಿಲ್ಲೋ ವ್ಯವಸ್ಥೆ ಇದ್ದ ಊರಿಗೆ ಯಾರಾದರೂ ಕೂತು ನಿಲ್ಲಿಸಬೇಕಾದ ವ್ಯವಸ್ಥೆ ಬಂತು. ಮನೆಮನೆಗೂ ಅದೇ ಬಂತು: ಮೋಟಾರ್ ಆಫ್ ಮಾಡೋದು ಮರೆತರೆ ತಾರಸಿ ಟ್ಯಾಂಕ್ ತುಂಬಿ ಸುರಿಯೋದು ಇಂಟಿಗ್ರೇಟಿಂಗ್ ಗುಣದಿಂದಲೇ.

ಈಗ ಮಲ್ಲೇಶ್ವರದ ಹಳೇ ಮನೆ ಒಡೆದು ಎದ್ದ ಅಪಾರ್ಟ್‌ಮೆಂಟಿಗೆ ಬನ್ನಿ. ಅಲ್ಲಿ ಪ್ರೆಶರ್ ಪಂಪ್, ಪಕ್ಕದಲ್ಲೊಂದು ಪ್ರೆಶರ್ ಟ್ಯಾಂಕ್. ಒತ್ತಡ 2 ಕೆಜಿಗೆ ಇಳಿದರೆ ಪಂಪ್ ಆನ್, 3 ಕೆಜಿಗೆ ಏರಿದರೆ ಆಫ್ ಅಂತಿಟ್ಟುಕೊಳ್ಳಿ. ಟ್ಯಾಂಕಿನೊಳಗೆ ಒಂದಷ್ಟು ಗಾಳಿ ಇರುತ್ತೆ. ನಲ್ಲಿ ಬಿಟ್ಟಾಗ ಆ ಗಾಳಿ ಹಿಗ್ಗಿ ನೀರನ್ನು ತಳ್ಳುತ್ತೆ; ಹಾಗಾಗಿ ಒತ್ತಡ ನಿಧಾನಕ್ಕೆ ಇಳಿಯುತ್ತೆ, ಪಂಪಿಗೆ ಬಿಡುವು ಸಿಗುತ್ತೆ. ಗಾಳಿ ಸೋರಿ ಹೋದರೆ ಮೆತ್ತೆಯೇ ಇಲ್ಲ. ನೀರು ಗಾಳಿಯ ಹಾಗೆ ಕುಗ್ಗೋದಿಲ್ಲ. ಒಂದು ಚೊಂಬು ನೀರು ಹಿಡಿದರೂ ಒತ್ತಡ ದಬಕ್ಕನೆ ಬೀಳುತ್ತೆ. ಪಂಪ್ ಟಕ್ ಟಕ್ ಅಂತ ಆನ್-ಆಫ್ ಆಗ್ತಾ ಕೊನೆಗೆ ಮೋಟಾರೇ ಸುಟ್ಟುಹೋಗುತ್ತೆ.

ಆಗ ಎಲ್ಲರೂ ಮಾಡೋದು ಸ್ವಿಚ್ಚಿನ ಸೆಟ್ಟಿಂಗ್ ತಿರುಗಿಸೋದು. ಸೆಟ್ಟಿಂಗ್ ಸರಿಯಾಗೇ ಇರುತ್ತೆ, ಬದಲಾಗಿರೋದು ಟ್ಯಾಂಕಿನ ಸ್ವಭಾವ. ನಿಮ್ಮ ಕಟ್ಟಡದಲ್ಲೂ ಪಂಪ್ ಹೀಗೆ ಬಡ್ಕೊಳ್ತಿದ್ದರೆ, ಹೊಸ ಮೋಟಾರಿಗೆ ದುಡ್ಡು ಎತ್ತೋ ಮುಂಚೆ ಪ್ಲಂಬರಿಗೆ ಒಂದು ಮಾತು ಕೇಳಿ: ಟ್ಯಾಂಕಿನಲ್ಲಿ ಗಾಳಿ ಎಷ್ಟಿದೆ?