ಕ್ಷೇಮಾಧಿಕಾರಿಯಿಂದ ಕ್ಷೇಮಬೋಧಕರವರೆಗೆ

ಕೊರ್ಲಿಮ್‌ನ ಕೈಗಾರಿಕಾ ವಸಾಹತಿನ ರಸ್ತೆಯಲ್ಲಿ ಬೆಳಗಿನ ಪಾಳಿ ಬದಲಾಗುವ ಹೊತ್ತಿಗೆ ನಿಂತರೆ ಕೊಂಕಣಿ, ಮರಾಠಿ, ಹಿಂದಿಗಳ ನಡುವೆ ಗದಗ, ಕೊಪ್ಪಳ, ವಿಜಯಪುರದ ಕನ್ನಡ ಕಿವಿಗೆ ಬೀಳುತ್ತದೆ. ನಿವೃತ್ತಿಯ ಬಳಿಕ ಮಗನ ಮನೆಗೆ ಬಂದು ನೆಲೆಸಿದ ನಮಗೆ ಆ ರಸ್ತೆಯೇ ಬೆಳಗಿನ ತಿರುಗಾಟದ ದಾರಿ. ಅಲ್ಲಿ ಈಚೆಗೆ ಒಂದು ಹೊಸ ಮಾತು ಕೇಳುತ್ತಿದ್ದೇವೆ: ‘ವೆಲ್‌ನೆಸ್ ಕೋಚ್’. ನೌಕರನ ನಿದ್ರೆ, ಆಹಾರ, ನಡಿಗೆ, ಮನಸ್ಸಿನ ಒತ್ತಡ ಇವುಗಳ ಬಗ್ಗೆ ಕೆಲಸದ ಸ್ಥಳಕ್ಕೇ ಬಂದು ತಿಳಿಹೇಳುವವರು. ಕ್ಷೇಮಬೋಧಕರು ಎಂದು ನಾವು ಕನ್ನಡಿಸಿಕೊಂಡಿದ್ದೇವೆ. ಹೆಸರು ಹೊಸದು, ಆದರೆ ದುಡಿಯುವವನ ದೇಹದ ಹೊಣೆ ಯಾರದು ಎಂಬ ಪ್ರಶ್ನೆ ಬಹಳ ಹಳೆಯದು. ನಾಲ್ಕು ದಶಕ ಇತಿಹಾಸ ಪಾಠ ಮಾಡಿದ ಅಭ್ಯಾಸಬಲದಿಂದ ಆ ಹಳೆಯ ಪ್ರಶ್ನೆಯ ಜಾಡನ್ನು ಹಿಡಿದು ಹೊರಟಿದ್ದೇವೆ.

ಕೊರ್ಲಿಮ್‌ನ ನೆರೆಯಲ್ಲಿಯೇ ಹಳೆಯ ಗೋವಾ ಇದೆ. ಅಲ್ಲಿಯ ಇಗರ್ಜಿಗಳನ್ನು ನೋಡಲು ಬರುವವರಿಗೆ, ಅದೇ ಊರಿನಲ್ಲಿ ಮಾಂಡವಿಯ ದಡದ ಮೇಲೆ ಒಂದು ರಾಜ ಆಸ್ಪತ್ರೆ ಇತ್ತೆಂಬುದು ತಿಳಿದಿರುವುದಿಲ್ಲ. 1510ರಲ್ಲಿ ಆಲ್ಬುಕರ್ಕ್ ಗೋವೆಯನ್ನು ಹಿಡಿದ ಕಾಲದಲ್ಲಿ ಅದು ಆರಂಭವಾಯಿತು. 1591ರಲ್ಲಿ ಜೆಸೂಯಿಟ್ ಪಾದ್ರಿಗಳ ಕೈಗೆ ಬಂತು. 1608ರಲ್ಲಿ ಅಲ್ಲಿ ರೋಗಿಯಾಗಿ ಮಲಗಿದ್ದ ಫ್ರೆಂಚ್ ಪ್ರವಾಸಿ ಪಿರಾರ್ ದ ಲಾವಾಲ್, ಅದಕ್ಕೆ ಸರಿಸಾಟಿಯಾದ ಆಸ್ಪತ್ರೆ ಲೋಕದಲ್ಲಿ ಇರಲಾರದೆಂಬಂತೆ ಹೊಗಳಿದ್ದಾನೆ. ಆ ಶುಶ್ರೂಷೆ ಮುಖ್ಯವಾಗಿ ಪೋರ್ಚುಗೀಸ್ ಸೈನಿಕರಿಗೆ. ನಗರದ ಹೊರೆ ಹೊತ್ತವರು, ಹಡಗುಕಟ್ಟೆಯಲ್ಲಿ ಬೆವರು ಸುರಿಸಿದವರು ಆ ಹೊಗಳಿಕೆಯ ಪುಟಗಳಲ್ಲಿ ರೋಗಿಗಳಾಗಿ ಕಾಣುವುದಿಲ್ಲ. ಮುಂದೆ ಸಾಂಕ್ರಾಮಿಕಗಳು ಆ ನಗರವನ್ನೇ ಬರಿದು ಮಾಡಿದವು. 1759ರಲ್ಲಿ ವೈಸರಾಯ್ ಪಣಜಿಗೆ ವಾಸ ಬದಲಿಸಿದ, 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಸಿಪಾಯಿಯ ಮಂಚ ಎಷ್ಟೇ ಚೊಕ್ಕಟವಾಗಿದ್ದರೂ ಊರಿನ ನೀರು ಕೆಟ್ಟರೆ ಆರೋಗ್ಯ ಉಳಿಯುವುದಿಲ್ಲವಷ್ಟೆ.

ಭಾರತದಲ್ಲಿ ಕಾರ್ಖಾನೆಯ ಕಾಯ್ದೆ ಮೊದಲು ಬಂದದ್ದು 1881ರಲ್ಲಿ. ಅದರ ಚಿಂತೆ ಬಹುಮಟ್ಟಿಗೆ ಮಕ್ಕಳ ದುಡಿಮೆಯ ಗಂಟೆಗಳ ಬಗ್ಗೆ. ಕಾರ್ಮಿಕನ ಕ್ಷೇಮಕ್ಕಾಗಿಯೇ ಒಬ್ಬ ಅಧಿಕಾರಿ ಬೇಕೆಂಬ ವಿಚಾರ ಗಟ್ಟಿಯಾದದ್ದು ವಿಟ್ಲಿ ಅಧ್ಯಕ್ಷತೆಯ ರಾಯಲ್ ಆಯೋಗ 1931ರಲ್ಲಿ ವರದಿ ಕೊಟ್ಟ ಮೇಲೆ. ಆಗ ಗಿರಣಿಗಳಲ್ಲಿ ಆಳುಗಳನ್ನು ತರುವವನೂ ತೆಗೆಯುವವನೂ ಮುಕಾದಮನೇ. ಅವನಿಗೆ ಲಂಚ ಕೊಡದೆ ಕೆಲಸವಿಲ್ಲ. ಈ ಪಿಡುಗನ್ನು ತಡೆಯಲೆಂದು ಆಯೋಗವು ಕಾರ್ಮಿಕ ಅಧಿಕಾರಿಯನ್ನು ನೇಮಿಸಿರೆಂದಿತು. ಕ್ಷೇಮಾಧಿಕಾರಿ ಹುಟ್ಟಿದ್ದು ಉಪದೇಶ ಮಾಡಲಿಕ್ಕಲ್ಲ, ಅನ್ಯಾಯವನ್ನು ತಡೆಯಲಿಕ್ಕೆ. ಈ ಹುಟ್ಟಿನ ಗುರುತನ್ನು ಇಂದಿನ ಬೋಧಕರು ಮರೆಯಬಾರದೆಂದು ನಮಗೆ ಅನ್ನಿಸುತ್ತದೆ.

ಸ್ವಾತಂತ್ರ್ಯದ ಮರುವರ್ಷ ಬಂದ 1948ರ ಕಾರ್ಖಾನೆ ಕಾಯ್ದೆ ಈ ವಿಚಾರವನ್ನು ಕಾನೂನಾಗಿಸಿತು. ಆಗ 500 ಮಂದಿ ದುಡಿಯುವಲ್ಲಿ ಕ್ಷೇಮಾಧಿಕಾರಿ ಕಡ್ಡಾಯವಾಯಿತು. 250 ದಾಟಿದರೆ ಕ್ಯಾಂಟೀನು. 150 ಮಂದಿಗೊಂದರಂತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಹೆಣ್ಣಾಳುಗಳು ಇದ್ದಲ್ಲಿ ಕೂಸಿನ ಕೋಣೆ. ಇದರ ಕೆಳಗೆ ಹಲವು ರಾಜ್ಯಗಳು ಮಾಡಿಕೊಂಡ ನಿಯಮಗಳಲ್ಲಿ ಒಂದು ಸಣ್ಣ ಷರತ್ತಿತ್ತು: ಕ್ಷೇಮಾಧಿಕಾರಿಗೆ ಆ ಕಾರ್ಖಾನೆಯ ಬಹುಸಂಖ್ಯೆಯ ಕಾರ್ಮಿಕರ ಭಾಷೆ ಬರಬೇಕು. ಆ ನಿಯಮ ಬರೆದ ಗುಮಾಸ್ತನಿಗೆ ನಾವು ಮನಸ್ಸಿನಲ್ಲಿಯೇ ಕೈಮುಗಿದಿದ್ದೇವೆ. ಹೊಟ್ಟೆನೋವನ್ನೂ ಮನದ ನೋವನ್ನೂ ಪರಭಾಷೆಯಲ್ಲಿ ಹೇಳಿಕೊಳ್ಳುವ ಕಷ್ಟ ಅವನಿಗೆ ಗೊತ್ತಿದ್ದಿರಬೇಕು.

ಕನ್ನಡನಾಡಿನಲ್ಲಿ ಈ ಇತಿಹಾಸದ ಅತ್ಯಂತ ನೋವಿನ ಅಧ್ಯಾಯ ಕೋಲಾರದ ಚಿನ್ನದ ಗಣಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹರಿಯಿತು. ಆಸ್ಪತ್ರೆ, ಕ್ಲಬ್ಬು, ಆಟದ ಬಯಲು ಎಲ್ಲವೂ ಇದ್ದ ಊರು ಅದು. ಆದರೆ ನೆಲದಡಿ, ಮೂರು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ, ಬಂಡೆ ಕೊರೆಯುವವನು ಉಸಿರಿನೊಂದಿಗೆ ಕಲ್ಲಿನ ಧೂಳನ್ನೂ ಎಳೆದುಕೊಳ್ಳುತ್ತಿದ್ದ. 1940ರಿಂದ 1946ರವರೆಗೆ ವೈದ್ಯರು ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರ ಎದೆಯನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂತು. ಶ್ವಾಸಕೋಶ ಮೆಲ್ಲಮೆಲ್ಲನೆ ಗಟ್ಟಿಯಾಗುವ ಆ ರೋಗಕ್ಕೆ ಮದ್ದಿಲ್ಲ. ಅಂಥವನಿಗೆ ಪ್ರಾಣಾಯಾಮ ಕಲಿಸಿ ಏನು ಫಲ? ಅಲ್ಲಿ ಬೇಕಾಗಿದ್ದುದು ನೀರು ಹಾಯಿಸುತ್ತ ಕೊರೆಯುವ ಯಂತ್ರ, ಒಳಗೆ ಗಾಳಿ ನೂಕುವ ವ್ಯವಸ್ಥೆ, ಕಾಲಕಾಲಕ್ಕೆ ಎದೆಯ ತಪಾಸಣೆ. 2001ರಲ್ಲಿ ಗಣಿ ಮುಚ್ಚಿತು. ನಾವು ಒಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆವು. ಸೈನೈಡ್ ದಿಬ್ಬಗಳ ಬಿಳಿಯ ಧೂಳು ಗಾಳಿಗೆ ಏಳುತ್ತಿತ್ತು. ಹುಡುಗರು ಮೂಗಿಗೆ ಕರವಸ್ತ್ರ ಹಿಡಿದರು. ಅದಕ್ಕಿಂತ ಹೆಚ್ಚಿನ ಪಾಠವನ್ನು ನಾವು ಅಂದು ಹೇಳಲಿಲ್ಲ.

ಬೆಂಗಳೂರಿನ ಕಥೆ ಬೇರೆ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳು ತಮ್ಮ ಆಳ್ವಿಕೆಯ ಕಾಲದಲ್ಲಿ ಕಾರ್ಮಿಕನಿಗೆ ಮನೆ, ಬಸ್ಸು, ಆಸ್ಪತ್ರೆ, ಮಕ್ಕಳಿಗೆ ಶಾಲೆ ಕೊಟ್ಟವು. ಕಾರ್ಖಾನೆಯೊಳಗೇ ಕನ್ನಡ ಸಂಘಗಳು ಬೆಳೆದು ನಾಟಕ, ರಾಜ್ಯೋತ್ಸವ ನಡೆದವು. ಮನಸ್ಸಿನ ಆರೋಗ್ಯಕ್ಕೆ ನಾಟಕದ ತಾಲೀಮಿಗಿಂತ ದೊಡ್ಡ ಔಷಧ ನಮಗೆ ಗೊತ್ತಿಲ್ಲ. 1952ರಲ್ಲಿ ಕಾನ್ಪುರ, ದಿಲ್ಲಿಗಳಲ್ಲಿ ಆರಂಭವಾದ ಇಎಸ್‌ಐ ವಿಮೆಯೂ ಮುಂದೆ ಕರ್ನಾಟಕಕ್ಕೆ ಬಂತು. ಆ ಮೇಲೆ ಗಣಕಯಂತ್ರದ ಯುಗ. ಕುಳಿತೇ ದುಡಿಯುವ, ಅಮೆರಿಕದ ಹಗಲಿಗೆ ಇಲ್ಲಿಯ ರಾತ್ರಿಯನ್ನು ಒಪ್ಪಿಸುವ ಹೊಸ ಶ್ರಮಿಕ ಬಂದ. ಧೂಳಿಲ್ಲ, ಹೊಗೆಯಿಲ್ಲ, ಬೆನ್ನುನೋವು, ನಿದ್ರೆಗೇಡು, ಕಳವಳ ಇವೆ. ಕ್ಷೇಮಬೋಧಕರ ಬೇಡಿಕೆ ಹೆಚ್ಚಿದ್ದು ಈ ನೆಲದಲ್ಲಿ. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಂಥವು ಬೆಂಗಳೂರಿನಲ್ಲಿಯೇ ಇರುವುದರಿಂದ ತಿಳಿದವರ ಮಾತಿಗೂ ಕೊರತೆಯಿಲ್ಲ. ಆದರೂ 2024ರಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವ ಬಂದಾಗ ಅವರ ಸಂಘಟನೆಯೇ ಎದುರು ನಿಲ್ಲಬೇಕಾಯಿತು. ಕಾಯಕದ ಮಾತನ್ನು ಬಲ್ಲ ನಾವು ಕಾಯದ ಮಾತನ್ನು ಅಷ್ಟು ಬೇಗ ಮರೆಯುತ್ತೇವೆ.

ಇನ್ನು ಗೋವೆ. 1961ರ ಡಿಸೆಂಬರ್ 19ರ ವಿಮೋಚನೆಯ ನಂತರವೇ ಭಾರತದ ಕಾರ್ಮಿಕ ಕಾನೂನುಗಳು ಇಲ್ಲಿಗೆ ಬಂದವು. ಆ ವರ್ಷವೇ ಸಂಸತ್ತು ಕಬ್ಬಿಣದ ಅದಿರಿನ ಮೇಲೆ ಕಾರ್ಮಿಕ ಕಲ್ಯಾಣ ಸುಂಕ ವಿಧಿಸುವ ಕಾಯ್ದೆ ಮಾಡಿತ್ತು. ಆ ಕಲ್ಯಾಣ ನಿಧಿಯ ವ್ಯವಸ್ಥೆಯಲ್ಲಿಯೇ ಹೊಸಪೇಟೆಯ ಬಳಿ ಕಾರಿಗನೂರಿನಲ್ಲಿ ಒಂದು, ಇಲ್ಲಿ ಉಸಗಾಂವ್ ಬಳಿಯ ತಿಸ್ಕ್‌ನಲ್ಲಿ ಒಂದು ಗಣಿ ಕಾರ್ಮಿಕರ ಆಸ್ಪತ್ರೆ ನಡೆದವು. ಬಳ್ಳಾರಿ ಸೀಮೆಯ ಅದಿರೂ ಗೋವೆಯ ಅದಿರೂ ಕೂಡಿ ಎರಡು ನಾಡುಗಳ ದುಡಿಮೆಗಾರನಿಗೆ ಮಂಚ ಹಾಕಿಸಿದವೆಂಬುದು ಗಡಿಯಾಚೆ ಬದುಕುವ ನಮ್ಮಂಥವರಿಗೆ ಹಿತವಾದ ಸಂಗತಿ. 1965ರ ಕಾಯ್ದೆಯಿಂದ ಕೈಗಾರಿಕಾ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಅದು ಮೊದಮೊದಲು ಕಟ್ಟಿದ ವಸಾಹತುಗಳಲ್ಲಿ ನಮ್ಮ ಕೊರ್ಲಿಮ್ ಒಂದು. ಕಾರ್ಖಾನೆಗಳ ಹಿಂದೆಯೇ ಘಟ್ಟದ ಮೇಲಿನ ಬಯಲುಸೀಮೆಯಿಂದ ಜನ ಬಂದರು.

ಇಷ್ಟು ಹೇಳಿದ ಮೇಲೆ ನಾವೇ ಕಂಡ ಒಂದು ಪ್ರಸಂಗವನ್ನು ಬಿಡಲಾಗದು. ಎರಡು ವರ್ಷದ ಹಿಂದೆ ಈ ಸುತ್ತಿನ ಒಂದು ಕಾರ್ಖಾನೆಯವರು, ಕ್ಷೇಮಬೋಧನೆಯ ಕಾರ್ಯಕ್ರಮವಿದೆ, ಕನ್ನಡದಲ್ಲಿ ತಿಳಿಹೇಳಲು ಬನ್ನಿರೆಂದು ಸಂಘದ ಮೂಲಕ ನಮ್ಮನ್ನು ಕರೆದರು. ಬೋಧಕಿ ಮೂವತ್ತರೊಳಗಿನ ಹೆಣ್ಣುಮಗಳು. ಇಂಗ್ಲಿಷ್, ಹಿಂದಿ ಎರಡರಲ್ಲೂ ಸೊಗಸಾಗಿ ಮಾತಾಡಿದಳು. ನೀರು ಕುಡಿಯಿರಿ, ಎಣ್ಣೆ ತಗ್ಗಿಸಿರಿ, ಎಂಟು ಗಂಟೆ ನಿದ್ರೆ ಮಾಡಿರಿ. ನಾವು ಕನ್ನಡಿಸುತ್ತ ಹೋದೆವು. ಹಿಂದಿನ ಸಾಲಿನಿಂದ ರೋಣ ಕಡೆಯ ಹುಡುಗನೊಬ್ಬ ಎದ್ದ.

“ಅಕ್ಕಾರ, ಎಂಟ ತಾಸ ನಿದ್ದಿ ಮಾಡ್ರಿ ಅಂತೀರಿ. ನಮ್ಮ ಖೋಲ್ಯಾಗ ಆರ ಮಂದಿಗೆ ಮೂರ ಹಾಸಿಗಿ. ಹಗಲ ಪಾಳಿಯವ ಎದ್ದ ಮ್ಯಾಲೆ ರಾತ್ರಿ ಪಾಳಿಯವ ಮಲಗಬೇಕು. ಮ್ಯಾಲೆ ತಗಡು, ಹನ್ನೊಂದಕ್ಕ ಕಾಯ್ತೈತಿ. ಯಾವಾಗ ನಿದ್ದಿ ಮಾಡೂಣ್ರಿ?”

ಸಭೆ ನಕ್ಕಿತು. ನಾವು ನಗದೆ ಅದನ್ನು ಹಿಂದಿಯಲ್ಲಿ ಹೇಳಿದೆವು. ಆಕೆಯೂ ನಗಲಿಲ್ಲ, ಪುಸ್ತಕದಲ್ಲಿ ಬರೆದುಕೊಂಡು, ಎದುರಿಗಿದ್ದ ಮ್ಯಾನೇಜರರ ಕಡೆ ತಿರುಗಿ ಈ ಪ್ರಶ್ನೆಗೆ ಉತ್ತರ ತನ್ನಲ್ಲಿಲ್ಲವೆಂದಳು. ಅಂಥ ಮಾತು ಹೇಳಲು ಧೈರ್ಯ ಬೇಕು.

ಆ ಹುಡುಗನ ಪ್ರಶ್ನೆ ಕಾನೂನಿಗೆ ಹೊಸದಲ್ಲ. ಬೇರೆ ರಾಜ್ಯದಿಂದ ಗುತ್ತಿಗೆದಾರ ಕರೆತಂದ ಕಾರ್ಮಿಕನಿಗೆ ತಕ್ಕ ವಸತಿ, ಉಚಿತ ವೈದ್ಯಕೀಯ ನೆರವು ಕೊಡಬೇಕೆಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಹೇಳಿತ್ತು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ, ಗುತ್ತಿಗೆದಾರ ಕ್ಯಾಂಟೀನು, ಕುಡಿಯುವ ನೀರು ಮೊದಲಾದ ಸೌಕರ್ಯ ಒದಗಿಸದಿದ್ದರೆ ಮೂಲ ಮಾಲೀಕನೇ ಒದಗಿಸಬೇಕಿತ್ತು. 2020ರ ಸಂಹಿತೆ ಇವನ್ನೆಲ್ಲ ಒಂದರೊಳಗೆ ಸೇರಿಸಿತು. ತೊಡಕು ಬೇರೆ ಕಡೆ ಇತ್ತು. ಈ ಹುಡುಗ ಯಾರ ಜೊತೆಗೂ ಬಂದವನಲ್ಲ; ಊರವರೊಬ್ಬರ ಫೋನ್ ನಂಬರು ಹಿಡಿದು ತಾನೇ ಬಸ್ಸು ಹತ್ತಿದವನು. ಕರೆತಂದವರಿಲ್ಲದ್ದರಿಂದ 1979ರ ಕಾಯ್ದೆಯ ವಸತಿ ಅವನ ಪಾಲಿಗೆ ಇರಲಿಲ್ಲ. ಕಂಪನಿಯ ಹಾಜರಿ ಪುಸ್ತಕದಲ್ಲಿಯೂ ಅವನ ಹೆಸರಿಲ್ಲ. ಕ್ಷೇಮಬೋಧನೆಗೆ ಅಂದು ಅವನನ್ನು ಕರೆದದ್ದೇ ಕುರ್ಚಿ ತುಂಬಲಿಕ್ಕೆಂದು ಆಮೇಲೆ ತಿಳಿಯಿತು.

ಮೂರು ತಿಂಗಳ ತರುವಾಯ ಆ ಕಾರ್ಖಾನೆಯಲ್ಲಿ ಪಾಳಿಯ ಪಟ್ಟಿಯನ್ನು ತಿಂಗಳ ಮೊದಲೇ ಅಂಟಿಸಲು ತೊಡಗಿದರು. ರಾತ್ರಿ ಪಾಳಿ ವಾರವಾರಕ್ಕೆ ಬದಲಾಗುವುದು ನಿಂತಿತು. ಕೋಣೆಯ ವಿಷಯ ಇನ್ನೂ ಗುತ್ತಿಗೆದಾರನ ಬಾಗಿಲಲ್ಲಿಯೇ ನಿಂತಿದೆ. ಬೋಧಕಿ ಈಗಲೂ ಬರುತ್ತಾಳೆ. ಕಳೆದ ಸಲ ಬಂದಾಗ ಕನ್ನಡದ ಒಂದು ಕರಪತ್ರ ಮಾಡಿಕೊಡಿರೆಂದು ನಮ್ಮನ್ನು ಕೇಳಿದಳು. ‘ಸ್ಟ್ರೆಸ್’ ಎಂಬುದಕ್ಕೆ ನಾವು ‘ಮಾನಸಿಕ ಒತ್ತಡ’ ಎಂದು ಬರೆದೆವು. ಓದಿ ನೋಡಿದ ಹುಡುಗರು ಅದನ್ನು ಹೊಡೆದುಹಾಕಿ ‘ತಲಿಭಾರ’ ಎಂದು ತಿದ್ದಿಕೊಟ್ಟರು. ಹಾಗೆಯೇ ಅಚ್ಚಾಗಿದೆ.