ಲಿಪಿಕಾರನ ತಪ್ಪು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಇಲ್ಲಿ ಕಂಡ ಬಂಡೆ ಶಾಸನದಿಂದ 'ದೇವಾನಾಂಪ್ರಿಯ'ನೆಂದರೆ ಅಶೋಕನೇ ಎಂಬುದು ಖಚಿತವಾಯಿತು. ಇದು ನಮಗೆಲ್ಲ ಗೊತ್ತಿರುವ ಇತಿಹಾಸ. ಆದರೆ ಆ ಶಾಸನಗಳನ್ನು ಬರೆದ ಕೈಗಳ ಬಗ್ಗೆ ನಾವು ಯೋಚಿಸಿದ್ದು ಕಡಿಮೆ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದ ಕೊನೆಯಲ್ಲಿ ಬರೆದವನ ಹೆಸರು ಚಪಡ ಎಂದಿದೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ, 'ಲಿಪಿಕಾರ' ಎಂಬ ಪದವೊಂದು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿದೆ. ಎರಡು ಲಿಪಿಗಳಲ್ಲಿ ಕೈ ಪಳಗಿಸಿಕೊಂಡಿದ್ದವನು ಆತ. ಅಂಥವರಿಂದಲೂ ತಪ್ಪಾಗುತ್ತಿತ್ತು. ಅಶೋಕನ ಹದಿನಾಲ್ಕನೆಯ ಬಂಡೆ ಶಾಸನ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ದೊರೆತಿದೆ. ಕೆಲವು ಮಾತುಗಳನ್ನು ಅವುಗಳ ಸವಿಗಾಗಿ ಮತ್ತೆ ಮತ್ತೆ ಹೇಳಿರುವುದಾಗಿಯೂ, ಲಿಪಿಕಾರನ ತಪ್ಪಿನಿಂದ ಕೆಲವೆಡೆ ಬರಹ ಅಪೂರ್ಣವಾಗಿರಬಹುದೆಂದೂ ಚಕ್ರವರ್ತಿ ಅದರಲ್ಲಿ ಒಪ್ಪಿಕೊಂಡಿದ್ದಾನೆ.

ಓದಿನ ಕಥೆಯೂ ಹೀಗೆಯೇ. ಎಚ್. ಕೃಷ್ಣಶಾಸ್ತ್ರಿಗಳು 1915ರಲ್ಲಿ ಪ್ರಕಟಿಸಿದ ಮಸ್ಕಿ ಪಾಠವನ್ನು 1925ರಲ್ಲಿ ಹುಲ್ಟ್‌ಶ್ ಮತ್ತೆ ಸಂಪಾದಿಸಿದರು.

ಕಲ್ಲಿನ ಮೇಲೆ ಉಳಿ ಜಾರಿದರೆ ಅಳಿಸುವುದು ಸುಲಭವಲ್ಲ. ನಮ್ಮ ಕೈಯಲ್ಲಿರುವುದು ಕಾಗದ. ಬರೆದದ್ದನ್ನು ಓದಿ, ಹೊಡೆದುಹಾಕಿ, ತಿರುಗಿ ಬರೆಯಲು ಚಪಡನಿಗಿಲ್ಲದ ಅವಕಾಶ ನಮಗಿದೆ. ಅದನ್ನು ಬಳಸದೆ ಮೊದಲ ಕರಡನ್ನೇ ಅಚ್ಚಿಗೆ ಕಳಿಸುವ ಆತುರವೇಕೆ?